ಬ್ಯಾಲೆನ್ಸು ಅಂದರೆ ಏನು?

ಬ್ಯಾಲೆನ್ಸು ಇಂಗ್ಲಿಷ್ ಮಾತು. ಆದರೂ ಹರದನಹಳ್ಳಿಯಿಂದ ಹೊಳೆನರಸೀಪುರಕ್ಕೆ ಹೋಗಿ ಬರುವುದರೊಳಗೆ ನಾಲ್ಕು ಸಲ ಕಿವಿಗೆ ಬೀಳುತ್ತದೆ. ಒಂದೊಂದು ಕಡೆ ಒಂದೊಂದು ಅರ್ಥ.

ಬಸ್ಸಿನ ಟಿಕೆಟಿನ ಹಿಂದೆ ಕಂಡಕ್ಟರ್ ಬರೆದ ಬ್ಯಾಲೆನ್ಸು ನಮಗೆ ಬರಬೇಕಾದ ಚಿಲ್ಲರೆ. ಇಳಿಯುವ ಮುಂಚೆ ಕೇಳಿ ಇಸಕೊಳ್ಳಬೇಕು.

ಅಂಗಡಿಯವರು "ನಿಮ್ದು 80 ರೂಪಾಯಿ ಬ್ಯಾಲೆನ್ಸು ಐತೆ ಕಣಕ್ಕಾ" ಅಂದರೆ? ಅದು ನಾವು ಕೊಡಬೇಕಾದ ಬಾಕಿ.

ಬ್ಯಾಂಕಿನ ಪಾಸ್ ಬುಕ್ಕಿನಲ್ಲಿ ಬ್ಯಾಲೆನ್ಸು ಅಂದರೆ ಉಳಿಕೆ. ಶಿಲ್ಕು ಅಂತಲೂ ಬರೆಯುತ್ತಾರೆ. ಗೃಹಲಕ್ಷ್ಮಿ ಯೋಜನೆ 2023ರಲ್ಲಿ ಶುರುವಾಯಿತು. ಅದರ 2,000 ರೂಪಾಯಿ ಜಮಾ ಆಯಿತು ಅನ್ನಿ. ನೀವು 500 ತೆಗೆದಿರಿ. ಖಾತೆಯಲ್ಲಿ ಬೇರೆ ಹಣ ಇಲ್ಲದಿದ್ದರೆ ಬ್ಯಾಲೆನ್ಸು 1,500. ಇದು ನಿಮ್ಮ ಹಣ.

ಸಾಲದ ಪುಸ್ತಕದಲ್ಲೂ ಇದೇ ಮಾತು ಇರುತ್ತದೆ. 10,000 ಸಾಲ ತಂದಿರಿ. ಅಸಲಿಗೆ 4,000 ಕಟ್ಟಿದಿರಿ. ಬ್ಯಾಲೆನ್ಸು 6,000. ಬಡ್ಡಿ ಬೇರೆ. ಇದು ನಿಮ್ಮ ಹಣ ಅಲ್ಲ, ನಿಮ್ಮ ಮೇಲಿನ ಸಾಲ. ಉಳಿತಾಯ ಅಂದುಕೊಂಡರೆ ಮೋಸ ಹೋಗುತ್ತೇವೆ. ಅಸಲು ಕಟ್ಟಿದ ದಿನ ಈ ಅಂಕಿ ಇಳಿದಿದೆಯೇ ನೋಡಬೇಕು.

ಮಿನಿಮಮ್ ಬ್ಯಾಲೆನ್ಸು ಅಂದರೆ ಖಾತೆಯಲ್ಲಿ ಇಷ್ಟಾದರೂ ಇರಲೇಬೇಕಾದ ಹಣ. 2014ರಲ್ಲಿ ಶುರುವಾದ ಜನಧನ ಖಾತೆಗೆ ಈ ಕಟ್ಟುಪಾಡು ಇಲ್ಲ.

ಅಕ್ಕಂದಿರೇ, ಬ್ಯಾಲೆನ್ಸು ಅಂತ ಯಾರು ಹೇಳಿದರೂ ಒಂದು ಮಾತು ಕೇಳಿ: "ಇದು ನಮಗೆ ಬರೋದೋ, ನಾವು ಕೊಡೋದೋ?" ಉತ್ತರ ತಿಳಿಯಿರಿ. ಅಂಕಿ ಓದಿ. ಆಮೇಲೆ ರುಜು ಹಾಕಿ.