ಚೀನೀಯ ಕುಟುಂಬಗಳೂ ವಿದೇಶವಿದ್ಯಾಭ್ಯಾಸವೂ

ಚೀನಾದೇಶದ ತಂದೆತಾಯಿಗಳು ತಮ್ಮ ಮಕ್ಕಳನ್ನು ವಿದ್ಯಾಭ್ಯಾಸಾರ್ಥವಾಗಿ ಹೊರದೇಶಗಳಿಗೆ ಕಳುಹಿಸುವುದು ಈಗ ಲೋಕವಿದಿತವಾದ ಸಂಗತಿ. ೨೦೧೯ನೆಯ ಇಸವಿಯೊಂದರಲ್ಲಿಯೇ ೭,೦೩,೫೦೦ ಮಂದಿ ವಿದ್ಯಾರ್ಥಿಗಳು ಹೀಗೆ ಹೊರಟರೆಂದು ಆ ದೇಶದ ಸರ್ಕಾರವು ಪ್ರಕಟಿಸಿರುವುದು. ಇದಕ್ಕೆ ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ಮೂರು ಉತ್ತರಗಳು ದೊರೆಯುತ್ತವೆ. ಐಶ್ವರ್ಯವು ಹೆಚ್ಚಿದುದರಿಂದ ಎಂದು ಕೆಲವರು. ಸ್ವದೇಶದ ವಿದ್ಯೆಯಲ್ಲಿ ಅನಾದರದಿಂದ ಎಂದು ಕೆಲವರು. ರಾಜ್ಯಾಧಿಕಾರಿಗಳ ಪ್ರೇರಣೆಯಿಂದ ಎಂದು ಮತ್ತೆ ಕೆಲವರು. ಇವು ಮೂರೂ ಪೂರ್ವಪಕ್ಷಗಳು. ಒಂದೊಂದರಲ್ಲಿಯೂ ಸ್ವಲ್ಪ ಸತ್ಯಾಂಶವಿದ್ದರೂ ಮುಖ್ಯಕಾರಣವು ಬೇರೆಯೇ ಇರುವುದೆಂಬುದನ್ನು ಪ್ರಕೃತ ಲೇಖನದಲ್ಲಿ ತೋರಿಸಲು ಯತ್ನಿಸುವೆನು.

ವಿದ್ಯೆಗಾಗಿ ದೇಶಾಂತರ ಹೋಗುವುದು ಚೀನೀಯರಿಗೆ ಹೊಸತಲ್ಲ. ಫಾಹಿಯಾನನು ಕ್ರಿ. ಶ. ೩೯೯ರಲ್ಲಿಯೂ, ಹ್ಯುಯೆನ್‌ತ್ಸಾಂಗನು ೬೨೯ರ ಸುಮಾರಿನಲ್ಲಿಯೂ, ಇತ್ಸಿಂಗನು ೬೭೧ರಲ್ಲಿಯೂ ಭರತಖಂಡಕ್ಕೆ ಹೊರಟುಬಂದುದನ್ನು ವಾಚಕರು ಬಲ್ಲರು. ಹ್ಯುಯೆನ್‌ತ್ಸಾಂಗನು ನಾಲಂದಾ ವಿಹಾರದಲ್ಲಿ ಓದಿ, ದಕ್ಷಿಣಾಪಥದಲ್ಲಿಯೂ ಸಂಚರಿಸಿ, ಚಾಲುಕ್ಯವಂಶದ ಇಮ್ಮಡಿ ಪುಲಕೇಶಿಯ ಪ್ರತಾಪವನ್ನು ಬರೆದಿಟ್ಟಿರುವುದರಿಂದ ಕನ್ನಡನಾಡಿನ ಚರಿತ್ರೆಗೂ ಉಪಕಾರಿಯಾಗಿರುವನು. ಆದರೆ ಈ ಮಹನೀಯರು ಸಂನ್ಯಾಸಿಗಳು. ಮನೆಯನ್ನು ತೊರೆದಮೇಲೆ ದೇಶವನ್ನು ಬಿಟ್ಟವರು. ಈಗಿನ ವಿದ್ಯಾರ್ಥಿಯಾದರೋ ಮನೆಯವರಿಂದಲೇ ಪ್ರೇರಿತನಾಗಿ, ಮನೆಯ ಹಣದಿಂದಲೇ, ಮನೆಯ ಏಳಿಗೆಗಾಗಿಯೇ ಹೊರಡುವವನು. ಗೃಹಸ್ಥರ ಪಾಲಿಗೆ ಚೀನಾದಲ್ಲಿ ಪ್ರಮಾಣವಾಗಿದ್ದುದು ಕನ್‌ಫ್ಯೂಷಿಯಸನ ಉಪದೇಶ. ತಂದೆತಾಯಿಗಳು ಬದುಕಿರುವಾಗ ಮಗನು ದೂರ ಹೋಗಬಾರದು, ಹೋಗಲೇಬೇಕಾದರೆ ಹೋಗುವ ಸ್ಥಳವು ಗೊತ್ತಾಗಿರಬೇಕು ಎಂಬುದು ಅವನ ಮತ. ಇಂತಹ ನಿಯಮದಲ್ಲಿ ಬೆಳೆದ ಗೃಹಸ್ಥರೇ ಮಕ್ಕಳನ್ನು ಸಮುದ್ರದಾಚೆಗೆ ಕಳುಹಿಸುವಂತಾದುದು ಹೇಗೆ ಎಂಬುದೇ ಇಲ್ಲಿ ವಿಚಾರ್ಯವಾದ ಅಂಶ.

ಇದಕ್ಕೆ ಉತ್ತರವನ್ನು ಚೀನಾದೇಶದ ರಾಜಪರೀಕ್ಷಾಪದ್ಧತಿಯಲ್ಲಿ ಹುಡುಕಬೇಕು. ಸುಯ್ ವಂಶದ ಅರಸರ ಕಾಲದಲ್ಲಿ, ಎಂದರೆ ಕ್ರಿ. ಶ. ೬೦೫ರ ಸುಮಾರಿನಲ್ಲಿ, ಪ್ರಾರಂಭವಾದ ಈ ಪದ್ಧತಿಯು ೧೯೦೫ರವರೆಗೆ ಸುಮಾರು ೧೩೦೦ ವರ್ಷಗಳ ಕಾಲ ನಡೆಯಿತು. ಅಧಿಕಾರ, ಮರ್ಯಾದೆ, ಸಂಪತ್ತು ಈ ಮೂರಕ್ಕೂ ಇದೊಂದೇ ಹೆದ್ದಾರಿ. ಪರೀಕ್ಷೆಗೆ ಕುಳಿತುಕೊಳ್ಳುವವನು ಒಬ್ಬನಾದರೂ ಓದುತ್ತಿದ್ದುದು ಇಡೀ ಕುಟುಂಬ. ಜಿನ್‌ಷಿ ಎಂಬ ಅತ್ಯುಚ್ಚ ಬಿರುದನ್ನು ಪಡೆದ ಒಬ್ಬ ಮಗನಿಂದ ವಂಶಕ್ಕೆಲ್ಲ ಕೀರ್ತಿಯುಂಟಾಗುತ್ತಿತ್ತು. ಆದಕಾರಣ ಮಗನ ವಿದ್ಯೆಯೆಂಬುದು ಅವನೊಬ್ಬನ ವಿಷಯವಲ್ಲ, ಕುಲದ ವಿಷಯವೆಂಬ ಭಾವನೆಯು ಅಲ್ಲಿ ದೃಢಮೂಲವಾಯಿತು. ತತ್ತ್ವಜ್ಞನಾದ ಮೆನ್‌ಷಿಯಸನ ತಾಯಿಯ ಕಥೆಯನ್ನು ಅಲ್ಲಿ ಎಲ್ಲರೂ ಬಲ್ಲರು. ಸ್ಮಶಾನದ ಬಳಿಯಲ್ಲಿದ್ದಾಗ ಮಗುವು ಶವಸಂಸ್ಕಾರದ ಆಟವನ್ನೂ, ಸಂತೆಯ ಬಳಿಯಲ್ಲಿದ್ದಾಗ ವ್ಯಾಪಾರದ ಆಟವನ್ನೂ ಆಡುತ್ತಿದ್ದುದನ್ನು ಕಂಡು, ಆಕೆಯು ಕಡೆಗೆ ಪಾಠಶಾಲೆಯ ಬಳಿಗೆ ಮನೆಯನ್ನು ಬದಲಾಯಿಸಿದಳಂತೆ. ಮಗುವಿನ ವಿದ್ಯೆಗಾಗಿ ಮನೆಯೇ ಸ್ಥಳವನ್ನು ಬಿಟ್ಟೇಳಬೇಕೆಂಬುದು ಈ ಕಥೆಯ ತಾತ್ಪರ್ಯ.

ಇನ್ನು ಅನ್ವಯವ್ಯತಿರೇಕಗಳಿಂದ ಪರೀಕ್ಷಿಸೋಣ. ೧೮೫೪ರಲ್ಲಿ ಅಮೆರಿಕಾದ ಯೇಲ್ ವಿಶ್ವವಿದ್ಯಾಲಯದಿಂದ ಪದವಿಯನ್ನು ಪಡೆದ ಯುಂಗ್ ವಿಂಗ್ ಎಂಬ ಚೀನೀಯನ ಪ್ರಯತ್ನದಿಂದ, ೧೮೭೨ರಿಂದ ೧೮೭೫ರವರೆಗೆ ವರ್ಷಕ್ಕೆ ೩೦ರಂತೆ ೧೨೦ ಮಂದಿ ಬಾಲಕರನ್ನು ಸರ್ಕಾರವು ಆ ದೇಶಕ್ಕೆ ಕಳುಹಿಸಿತು. ಖರ್ಚೆಲ್ಲ ಸರ್ಕಾರದ್ದು, ಹಾಗಿದ್ದರೂ ಮಕ್ಕಳನ್ನು ಕೊಡಲು ಮುಂದೆ ಬಂದವರು ವಿರಳ. ರೋಗವೋ ಮರಣವೋ ಸಂಭವಿಸಿದರೆ ದೈವೇಚ್ಛೆಯೆಂದು ಒಪ್ಪಿ ತಂದೆಯು ಕರಾರುಪತ್ರಕ್ಕೆ ರುಜು ಹಾಕಬೇಕಾಗಿತ್ತು. ದೊಡ್ಡ ಮನೆತನದವರು ಹಿಂಜರಿದರು. ಅವರ ಮಕ್ಕಳಿಗೆ ರಾಜಪರೀಕ್ಷೆಯ ದಾರಿಯು ತೆರೆದೇ ಇದ್ದಿತಷ್ಟೆ. ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಸಮುದ್ರತೀರದ ಕ್ವಾಂಗ್‌ಟುಂಗ್ ಪ್ರಾಂತದವರು. ಹುಡುಗರು ಸ್ವದೇಶದ ಆಚಾರವನ್ನು ಬಿಡುತ್ತಿದ್ದಾರೆಂಬ ದೂರುಗಳು ಹೆಚ್ಚಿ, ೧೮೮೧ರಲ್ಲಿ ಎಲ್ಲರನ್ನೂ ಹಿಂದಕ್ಕೆ ಕರೆಯಿಸಿಕೊಳ್ಳಲಾಯಿತು. ಆ ಹುಡುಗರಲ್ಲೊಬ್ಬನಾದ ಜಾನ್ ತಿಯೆನ್‌ಯು ಎಂಬವನೇ ಮುಂದೆ ೧೯೦೫ರಿಂದ ೧೯೦೯ರವರೆಗೆ ಪೀಕಿಂಗಿನಿಂದ ಕಾಲ್ಗನ್‌ವರೆಗಿನ ರೈಲುಮಾರ್ಗವನ್ನು ಕಟ್ಟಿಸಿ ಪ್ರಸಿದ್ಧನಾದನು. ಹೀಗೆ, ಮನೆಯ ಬಳಿಯ ದ್ವಾರವು ತೆರೆದಿರುವಾಗ ಕುಟುಂಬಗಳು ದೂರದ ದ್ವಾರವನ್ನು ಬಯಸಲಿಲ್ಲವೆಂಬುದು ಸ್ಪಷ್ಟ.

೧೯೦೫ರಲ್ಲಿ ರಾಜಪರೀಕ್ಷೆಯು ರದ್ದಾಯಿತು. ಬಾಲ್ಯದಿಂದ ಶಾಸ್ತ್ರಗ್ರಂಥಗಳನ್ನು ಕಂಠಪಾಠಮಾಡಿದ ಅಸಂಖ್ಯಾತ ಜನರ ಪರಿಶ್ರಮಕ್ಕೆ ಒಂದು ಶಾಸನದಿಂದ ಬೆಲೆಯಿಲ್ಲದಂತಾಯಿತು. ಸಂಸ್ಕೃತ ಪಾಠಶಾಲೆಗಳಲ್ಲಿ ಓದಿ ಅದೇ ವಿದ್ಯೆಯಲ್ಲಿ ಬಾಳಿರುವ ನನ್ನಂತಹವನು ಈ ಸಂಗತಿಯನ್ನು ನಿರ್ವಿಕಾರಚಿತ್ತನಾಗಿ ಓದಲಾರನು. ಆದರೆ ಚೀನೀಯ ಕುಟುಂಬಗಳು ಅಳುತ್ತ ಕುಳಿತುಕೊಳ್ಳಲಿಲ್ಲ. ಆಗ ಸಾವಿರಾರು ಯುವಕರು ಹತ್ತಿರದ ಜಪಾನಿನಲ್ಲಿ ಓದುತ್ತಿದ್ದರು. ಅದೇ ವರ್ಷ ಮೊದಲುಗೊಂಡು ವಿದೇಶದಿಂದ ಹಿಂದಿರುಗಿದವರನ್ನು ಪರೀಕ್ಷಿಸಿ ಅವರಿಗೆ ಜಿನ್‌ಷಿ ಮೊದಲಾದ ಹಳೆಯ ಬಿರುದುಗಳನ್ನೇ ಸರ್ಕಾರವು ಕೊಡತೊಡಗಿತು. ಇದು ಬಹಳ ಗಮನಾರ್ಹವಾದುದು. ಹಿಂದೆ ಪರೀಕ್ಷಾಮಂಟಪದಿಂದ ದೊರೆಯುತ್ತಿದ್ದ ಫಲವು ಈಗ ಸಮುದ್ರಯಾನದಿಂದ ದೊರೆಯುವಂತಾಯಿತು. ಕುಟುಂಬದ ಉದ್ದೇಶವು ಮಾತ್ರ ಬದಲಾಗಲಿಲ್ಲ. ಬಾಕ್ಸರ್ ದಂಗೆಯ ದಂಡದ ಹಣದಲ್ಲಿ ಅಮೆರಿಕಾವು ಬಿಟ್ಟುಕೊಟ್ಟ ಭಾಗದಿಂದ ೧೯೦೯ರಲ್ಲಿ ೪೭ ಮಂದಿ ಆ ದೇಶಕ್ಕೆ ಹೋದರು. ಇವರಂತೆ ಹೋಗುವವರನ್ನು ಸಿದ್ಧಗೊಳಿಸಲು ೧೯೧೧ರಲ್ಲಿ ಸ್ಥಾಪಿತವಾದುದೇ ತ್ಸಿಂಗ್‌ಹುವಾ ವಿದ್ಯಾಶಾಲೆ.

ಮುಂದೆ ೧೯೬೬ರಿಂದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಕಾಲೇಜುಪ್ರವೇಶದ ಪರೀಕ್ಷೆಯೂ ನಿಂತುಹೋಯಿತು, ಹೊರಗಿನ ದಾರಿಯೂ ಮುಚ್ಚಿಹೋಯಿತು. ೧೯೭೭ರ ಡಿಸೆಂಬರಿನಲ್ಲಿ ಪರೀಕ್ಷೆಯು ಪುನಃ ನಡೆದಾಗ ಸುಮಾರು ೫೭ ಲಕ್ಷ ಜನರು ಕುಳಿತರು. ಸ್ಥಳ ದೊರೆತುದು ಸುಮಾರು ೨ ಲಕ್ಷ ೭೦ ಸಾವಿರ ಮಂದಿಗೆ. ಮರುವರ್ಷದ ಡಿಸೆಂಬರಿನಲ್ಲಿ ೫೨ ಮಂದಿ ವಿದ್ವಾಂಸರು ಸರ್ಕಾರದ ಕಡೆಯಿಂದ ಅಮೆರಿಕಾಕ್ಕೆ ಹೊರಟರು. ೧೯೮೧ರಲ್ಲಿ ಸ್ವಂತ ಖರ್ಚಿನಿಂದ ಹೋಗುವುದಕ್ಕೂ ನಿಯಮಗಳು ಏರ್ಪಟ್ಟವು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಈಗ ಚೀನಾದಲ್ಲಿ ವಿಶ್ವವಿದ್ಯಾಲಯಗಳು ಬಹಳವಾಗಿವೆ. ತಕ್ಕ ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಉಚ್ಚಶಿಕ್ಷಣವು ದೊರೆಯುತ್ತದೆ. ದ್ವಾರವು ತೆರೆದಿದ್ದರೂ ಏಕೆ ಹೊರಡುತ್ತಾರೆ? ಸಮಾಧಾನವೇನೆಂದರೆ, ಈಗ ದುರ್ಲಭವಾಗಿರುವುದು ಸ್ಥಳವಲ್ಲ, ಶ್ರೇಷ್ಠಸ್ಥಾನ. ೨೦೨೪ರಲ್ಲಿ ಗಾವ್‌ಕಾವ್ ಎಂಬ ಪ್ರವೇಶಪರೀಕ್ಷೆಗೆ ಹೆಸರು ಕೊಟ್ಟವರು ೧ ಕೋಟಿ ೩೪ ಲಕ್ಷ ಮಂದಿ. ಒಳ್ಳೆಯ ಉದ್ಯೋಗವನ್ನು ತಂದುಕೊಡುವವೆಂದು ಜನರು ನಂಬಿರುವ ಮೊದಲ ಪಂಕ್ತಿಯ ವಿದ್ಯಾಪೀಠಗಳಾದರೋ ಕೆಲವೇ. ಸರ್ಕಾರವು ವಿಶೇಷಸಹಾಯಕ್ಕಾಗಿ ಹಿಂದೆ ಆಯ್ದವುಗಳ ಸಂಖ್ಯೆ ೩೯. ಜೂನ್ ತಿಂಗಳ ಎರಡು ಮೂರು ದಿನಗಳ ಅಂಕಗಳಿಂದಲೇ ಬಹುಮಟ್ಟಿಗೆ ಎಲ್ಲವೂ ನಿರ್ಣಯವಾಗುವುದು. ಇದಲ್ಲದೆ ಹುಕೌ ಎಂಬ ನಿವಾಸದಾಖಲೆಯ ನಿಯಮವುಂಟು. ಸಾಮಾನ್ಯವಾಗಿ ವಿದ್ಯಾರ್ಥಿಯು ದಾಖಲೆಯಿರುವ ಪ್ರಾಂತದಲ್ಲಿಯೇ ಪರೀಕ್ಷೆಗೆ ಕುಳಿತುಕೊಳ್ಳಬೇಕು. ವಿದ್ಯಾಪೀಠಗಳು ಪ್ರಾಂತಗಳಿಗೆ ಹಂಚುವ ಸ್ಥಳಗಳಾದರೋ ಸಮನಾಗಿಲ್ಲ. ಬೀಜಿಂಗ್, ಷಾಂಘೈಗಳವರಿಗೆ ಇರುವ ಅನುಕೂಲವು ಹೆನಾನ್‌ನಂತಹ ಜನಭರಿತ ಪ್ರಾಂತದವರಿಗೆ ಇಲ್ಲ. ಈ ಇಕ್ಕಟ್ಟಿನ ಬಾಗಿಲನ್ನು ಬಳಸಿ ಹೋಗುವ ಸುತ್ತುದಾರಿಯೇ ವಿದೇಶವಿದ್ಯಾಭ್ಯಾಸ.

ಈಗ ಪೂರ್ವಪಕ್ಷಗಳನ್ನು ಪರಿಶೀಲಿಸೋಣ. ಐಶ್ವರ್ಯವು ಸಹಕಾರಿಕಾರಣವೇ ಹೊರತು ಮುಖ್ಯಕಾರಣವಲ್ಲ. ೧೯೮೦ರ ಸುಮಾರಿನಿಂದ ೨೦೧೫ರವರೆಗೆ ದಂಪತಿಗಳಿಗೆ ಸಾಮಾನ್ಯವಾಗಿ ಒಂದೇ ಮಗುವೆಂಬ ಕಟ್ಟಳೆಯಿದ್ದಿತು. ತಂದೆತಾಯಿಗಳಿಬ್ಬರು, ಉಭಯಪಕ್ಷದ ಅಜ್ಜ ಅಜ್ಜಿಯರು ನಾಲ್ವರು, ಈ ಆರು ಜನರ ಉಳಿತಾಯವೂ ಆಶೆಯೂ ಒಂದೇ ಮಗುವಿನ ಮೇಲೆ ಬಂದು ನಿಂತವು. ಆದುದರಿಂದ ಹೆಚ್ಚು ಧನಿಕರಲ್ಲದವರೂ ಮನೆಯನ್ನು ಮಾರಿ ಕಳುಹಿಸುವುದುಂಟು. ಸ್ವದೇಶವಿದ್ಯೆಯಲ್ಲಿ ಅನಾದರವೆಂಬುದೂ ಯುಕ್ತವಲ್ಲ. ೧೯೭೮ರಿಂದ ೨೦೧೯ರವರೆಗೆ ಹೊರಹೋದ ಸುಮಾರು ೬೫ ಲಕ್ಷ ೬೦ ಸಾವಿರ ಮಂದಿಯಲ್ಲಿ ೪೨ ಲಕ್ಷಕ್ಕೂ ಹೆಚ್ಚು ಜನರು ಓದು ಮುಗಿಸಿ ಹಿಂದಿರುಗಿರುವರು. ರಾಜಪ್ರೇರಣೆಯೆಂಬ ಪಕ್ಷವು ೧೮೭೨ಕ್ಕೂ ೧೯೭೮ಕ್ಕೂ ಸಲ್ಲುವುದು, ಈಗ ಸಲ್ಲದು. ೨೦೧೮ರಲ್ಲಿ ಹೊರಟ ೬,೬೨,೧೦೦ ಮಂದಿಯಲ್ಲಿ ೫,೯೬,೩೦೦ ಮಂದಿ ಸ್ವಂತ ಖರ್ಚಿನವರು. ಎಂದರೆ ಹತ್ತರಲ್ಲಿ ಒಂಬತ್ತು ಪಾಲು.

ಹೀಗೆ ಕೊಟ್ಟುದಕ್ಕೆ ಫಲವು ಯಾವಾಗಲೂ ನಿಶ್ಚಿತವೇ? ಅಲ್ಲ. ಚೀನೀ ಭಾಷೆಯಲ್ಲಿ ಒಂದು ಶ್ಲೇಷವುಂಟು. ಸಮುದ್ರದಾಚೆಯಿಂದ ಹಿಂದಿರುಗಿದವನೆಂಬ ಅರ್ಥದ ಹೈಗುಯ್ ಶಬ್ದವು ಉಚ್ಚಾರದಲ್ಲಿ ಕಡಲಾಮೆಯೆಂಬುದಕ್ಕೂ ಸಮಾನವಾದುದು. ಮರಳಿ ಬಂದು ಉದ್ಯೋಗವಿಲ್ಲದೆ ಕಾಯುತ್ತಿರುವವನನ್ನು ಹೈದಾಯ್ ಎನ್ನುವರು. ಅದಕ್ಕೆ ಕಡಲಪಾಚಿಯೆಂಬ ಅರ್ಥವೂ ಹೊರಡುತ್ತದೆ. ಪದವೀಧರರು ಹೆಚ್ಚಿದಂತೆಲ್ಲ ಆಮೆಗಿಂತ ಪಾಚಿಯಾಗುವ ಭಯವೇ ಹೆಚ್ಚಾಗಿರುವುದು. ಇದಕ್ಕಿಂತ ಗುರುತರವಾದ ವ್ಯಯವೂ ಇದೆ. ಸಿಂಗಪುರದಂತಹ ಸ್ಥಳಗಳಿಗೆ ಮಗುವಿನೊಡನೆ ತಾಯಿಯೇ ಹೋಗಿ ನೆಲೆಸುವಳು. ತಂದೆಯು ಊರಿನಲ್ಲಿ ಒಬ್ಬನೇ ದುಡಿಯುವನು. ಕುಲದ ಏಳಿಗೆಗಾಗಿ ಮನೆಯವರೇ ಬೇರೆಬೇರೆಯಾಗಬೇಕಾಗುವುದು. ಹೊರಡುವ ಮಗುವಿನ ಇಚ್ಛೆಯೇನೆಂದು ಕೇಳಿದವರು ಎಷ್ಟು ಮಂದಿ ಎಂಬುದೂ ಯೋಚಿಸಬೇಕಾದ ವಿಷಯ. ಒಬ್ಬನೇ ಮಗನು ಅಲ್ಲಿಯೇ ನಿಂತುಬಿಟ್ಟರೆ ಆರು ಜನ ವೃದ್ಧರನ್ನು ನೋಡಿಕೊಳ್ಳುವವರು ಯಾರು? ಕನ್‌ಫ್ಯೂಷಿಯಸನ ನಿಯಮವು ಯಾವ ದುಃಖವನ್ನು ತಡೆಯಲು ಹುಟ್ಟಿತೋ ಆ ದುಃಖವೇ ಇದು.

ಆದಕಾರಣ ಸಿದ್ಧಾಂತವಿಷ್ಟು. ಚೀನೀಯ ಕುಟುಂಬವು ಮಗುವನ್ನು ಕಳುಹಿಸುವುದು ಪರದೇಶದ ಮೋಹದಿಂದಲ್ಲ. ಒಂದೇ ಪರೀಕ್ಷೆಯಿಂದ ಮನೆತನದ ಭಾಗ್ಯವು ನಿರ್ಣಯವಾಗುವ ಪದ್ಧತಿಯಲ್ಲಿ ಬಹುಕಾಲದಿಂದ ಬಾಳಿ, ಆ ದ್ವಾರವು ಮುಚ್ಚಿದಾಗ ಅಥವಾ ಕಿರಿದಾದಾಗ ಮತ್ತೊಂದು ದ್ವಾರವನ್ನು ಹುಡುಕುವುದರಿಂದ. ಇದನ್ನು ನಾವು ಅನ್ಯರ ವಿಷಯವೆಂದು ಉದಾಸೀನಮಾಡುವಂತಿಲ್ಲ. ಅಮೆರಿಕಾದಲ್ಲಿ ೨೦೨೩–೨೪ನೆಯ ಸಾಲಿನಲ್ಲಿ ಓದುತ್ತಿದ್ದ ಚೀನೀಯರು ೨,೭೭,೩೯೮ ಮಂದಿ. ಭಾರತೀಯರು ೩,೩೧,೬೦೨ ಮಂದಿ. ನಮ್ಮವರ ಮನೆಗಳಲ್ಲಿಯೂ ಇದೇ ಕಾರಣವು ಕೆಲಸಮಾಡುತ್ತಿರುವುದೋ, ಬೇರೆಯೊಂದೋ ಎಂಬುದನ್ನು ತಿಳಿದವರು ವಿಚಾರಮಾಡಬೇಕೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುವೆನು.