ವೃತ್ತದ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಗಳ ಕರ್ತವ್ಯಗಳು

ಕರ್ನಾಟಕ ಅರಣ್ಯ ಇಲಾಖೆಯ ಕ್ಷೇತ್ರ ಆಡಳಿತವು ವೃತ್ತ, ವಿಭಾಗ, ಉಪ ವಿಭಾಗ ಹಾಗೂ ವಲಯ ಎಂಬ ಹಂತಗಳಲ್ಲಿ ನಡೆಯುತ್ತದೆ. ವೃತ್ತದ ಮುಖ್ಯಸ್ಥರು ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಗಳು. ಉದಾಹರಣೆಗೆ, ಶಿರಸಿಯಲ್ಲಿ ಕಚೇರಿ ಹೊಂದಿರುವ ಕೆನರಾ ವೃತ್ತಕ್ಕೆ ಶಿರಸಿ, ಯಲ್ಲಾಪುರ, ಹಳಿಯಾಳ, ಕಾರವಾರ ಮತ್ತು ಹೊನ್ನಾವರ ವಿಭಾಗಗಳು ಒಳಪಡುತ್ತವೆ. ಮಂಗಳೂರು ವೃತ್ತದ ವ್ಯಾಪ್ತಿಯಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಿವೆ.

ವಿಭಾಗಗಳ ಕಾರ್ಯವೈಖರಿಯ ಮೇಲ್ವಿಚಾರಣೆ, ನೆಡುತೋಪುಗಳ ತಪಾಸಣೆ, ಅರಣ್ಯ ಕಾರ್ಯಯೋಜನೆಗಳ ಪರಿಶೀಲನೆ ಇವರ ಕರ್ತವ್ಯಗಳು. 1980ರ ವನ (ಸಂರಕ್ಷಣ ಏವಂ ಸಂವರ್ಧನ) ಅಧಿನಿಯಮದಡಿ ಅರಣ್ಯ ಭೂಮಿಯನ್ನು ಅರಣ್ಯೇತರ ಉದ್ದೇಶಕ್ಕೆ ಬಳಸುವ ಪ್ರಸ್ತಾವನೆಗಳಿಗೆ ಇವರ ಅಭಿಪ್ರಾಯವೂ ಅಗತ್ಯ. ಅಂತಿಮ ಅನುಮೋದನೆ ಕೇಂದ್ರ ಸರ್ಕಾರದ್ದು.

ಆದರೆ ಸಾರ್ವಜನಿಕರ ದೈನಂದಿನ ಅರ್ಜಿಗಳು ವೃತ್ತ ಕಚೇರಿಯಲ್ಲಿ ಇತ್ಯರ್ಥವಾಗುವುದಿಲ್ಲ. ಮೇಲಿನ ಅಧಿಕಾರಿಗೆ ನೇರವಾಗಿ ಸಲ್ಲಿಸಿದರೆ ಕೆಲಸ ಬೇಗ ಆಗುತ್ತದೆಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಆ ಅರ್ಜಿ ಸ್ಥಳ ಪರಿಶೀಲನೆಗಾಗಿ ವಲಯ ಕಚೇರಿಗೇ ಮರಳಬೇಕಾಗುತ್ತದೆ. ಬೆಳೆ ಹಾನಿಯ ವಿಷಯದಲ್ಲಿ ಈ ವಿಳಂಬ ಅರ್ಜಿದಾರರಿಗೇ ನಷ್ಟ. ಕಾಡಾನೆ ತುಳಿದ ಗದ್ದೆಯನ್ನು ರೈತರು ಹದಿನೈದು ದಿನ ಹಾಗೆಯೇ ಬಿಟ್ಟಿರಲು ಸಾಧ್ಯವಿಲ್ಲ; ಉಳುಮೆಯಾದ ನಂತರ ಬರುವ ಸಿಬ್ಬಂದಿಗೆ ಮಹಜರು ಮಾಡಲು ಕುರುಹು ಉಳಿದಿರುವುದಿಲ್ಲ. ಆದುದರಿಂದ ಹಾನಿಯಾದ ಕೂಡಲೇ ವಲಯ ಅರಣ್ಯಾಧಿಕಾರಿಗಳಿಗೆ ತಿಳಿಸಿ, ಛಾಯಾಚಿತ್ರ ಹಾಗೂ ಪಹಣಿ ಪ್ರತಿಯೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು.

ಸ್ವಂತ ಜಮೀನಿನ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದನ್ವಯ ವೃಕ್ಷಾಧಿಕಾರಿಗಳ ಅನುಮತಿ ಪಡೆಯಬೇಕು. ತೆಂಗು, ರಬ್ಬರ್, ನೀಲಗಿರಿ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಶ್ರೀಗಂಧವು 2001ರ ತಿದ್ದುಪಡಿಯ ನಂತರ ಬೆಳೆದವರ ಸ್ವತ್ತೇ ಆಗಿದ್ದರೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ.

ಕಾಡಂಚಿನ ಊರುಗಳ ರಸ್ತೆ, ಅಂಗನವಾಡಿ, ಕುಡಿಯುವ ನೀರಿನ ಕೊಳವೆ ಮಾರ್ಗಗಳ ಬಗ್ಗೆಯೂ ತಪ್ಪು ತಿಳುವಳಿಕೆ ಇದೆ. ಇವೆಲ್ಲಕ್ಕೂ ದೆಹಲಿಯ ಅನುಮೋದನೆ ಬೇಕಿಲ್ಲ. 2006ರ ಅರಣ್ಯ ಹಕ್ಕುಗಳ ಅಧಿನಿಯಮದ ಪ್ರಕರಣ 3(2)ರಲ್ಲಿ ಸರ್ಕಾರ ನಿರ್ವಹಿಸುವ 13 ಬಗೆಯ ಸೌಲಭ್ಯಗಳನ್ನು ಹೆಸರಿಸಲಾಗಿದೆ. ಪ್ರತಿ ಪ್ರಕರಣದಲ್ಲಿ ಭೂಮಿ 1 ಹೆಕ್ಟೇರ್‌ಗಿಂತ ಕಡಿಮೆ ಇದ್ದು, ಕಡಿಯುವ ಮರಗಳು ಹೆಕ್ಟೇರಿಗೆ 75 ಮೀರದಿದ್ದಲ್ಲಿ, ಗ್ರಾಮಸಭೆಯ ಶಿಫಾರಸಿನೊಂದಿಗೆ ವಿಭಾಗದ ಹಂತದಲ್ಲಿಯೇ ಅನುಮತಿ ದೊರೆಯಬಹುದು. ಕಾಮಗಾರಿ ನಿರ್ವಹಿಸುವ ಸಂಸ್ಥೆಯು ವಲಯ ಅರಣ್ಯಾಧಿಕಾರಿಗಳಿಗೆ ಪ್ರಸ್ತಾವನೆ ಸಲ್ಲಿಸುತ್ತದೆ. ಗ್ರಾಮಸಭೆಯ ನಿರ್ಣಯವಿಲ್ಲದ ಪ್ರಸ್ತಾವನೆ ಮುಂದುವರಿಯುವುದಿಲ್ಲವಾದ್ದರಿಂದ ಗ್ರಾಮಸ್ಥರು ಮೊದಲು ಅದನ್ನು ಪಡೆದುಕೊಳ್ಳುವುದು ಸೂಕ್ತ.

ವಲಯ ಅಥವಾ ವಿಭಾಗ ಕಚೇರಿಯಲ್ಲಿ ಅರ್ಜಿಯು ಅಕಾರಣವಾಗಿ ಬಾಕಿ ಉಳಿದಲ್ಲಿ ವೃತ್ತ ಕಚೇರಿಗೆ ದೂರು ನೀಡಬಹುದು. ದೂರಿನೊಂದಿಗೆ ಮೂಲ ಅರ್ಜಿಯ ಪ್ರತಿ ಹಾಗೂ ಸ್ವೀಕೃತಿ ಸಂಖ್ಯೆಯನ್ನು ಲಗತ್ತಿಸತಕ್ಕದ್ದು.