ಅರಿವಿನ ತಾಣಕ್ಕೆ ಅಂದ ಎಷ್ಟು ಬೇಕು?

ಭೌತವಿಜ್ಞಾನಿಗಳೂ ಗಣಿತಜ್ಞರೂ ದಿನವೂ ತೆರೆದು ನೋಡುವ ಸಂಶೋಧನಾ ಲೇಖನಗಳ ಜಾಲತಾಣ ‘ಆರ್ಕೈವ್’ ನೋಡಲು ತೀರ ಸಪ್ಪೆ. ಬಿಳಿ ಪುಟದ ಮೇಲೆ ಲೇಖನದ ಹೆಸರು, ಬರೆದವರ ಹೆಸರು, ಒಂದು ಸಾರಾಂಶ, ಅಷ್ಟೆ. 1991ರಲ್ಲಿ ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ ಇದನ್ನು ಶುರುಮಾಡಿದಾಗ ಪುಟವೂ ಇರಲಿಲ್ಲ, ಇ-ಮೇಲ್‌ನಲ್ಲೇ ಕೆಲಸ ನಡೆಯುತ್ತಿತ್ತು. ಆದರೂ ಸುಮಾರು ನೂರು ವರ್ಷ ಬಗೆಹರಿಯದಿದ್ದ, ಗಣಿತದ ಪ್ವಾಂಕಾರೆ ಊಹೆಯನ್ನು ಸಾಧಿಸಿ ತೋರಿಸಿದ ಲೇಖನಗಳನ್ನು ಗಣಿತಜ್ಞ ಗ್ರಿಗೊರಿ ಪೆರೆಲ್ಮನ್ 2002-03ರಲ್ಲಿ ಹಾಕಿದ್ದು ಇಲ್ಲೇ. ಅವು ಯಾವ ವಿದ್ವತ್ ಪತ್ರಿಕೆಯಲ್ಲೂ ಬರಲಿಲ್ಲ. ಗಣಿತಜ್ಞರು ಇಲ್ಲಿಂದಲೇ ಇಳಿಸಿಕೊಂಡು ವರ್ಷಗಟ್ಟಲೆ ಒರೆಗೆ ಹಚ್ಚಿದರು. ಅದು ಸಾಧ್ಯವಾದದ್ದು ಪ್ರತಿ ಲೇಖನಕ್ಕೂ ಬದಲಾಗದ ಗುರುತಿನ ಸಂಖ್ಯೆ, ಸೇರಿಸಿದ ದಿನಾಂಕ, ತಿದ್ದಿದರೂ ಅಳಿಯದ ಹಳೆಯ ಆವೃತ್ತಿ, ಕಾಸಿಲ್ಲದ ಓದು ಇವೆಲ್ಲ ಅಲ್ಲಿ ಇದ್ದುದರಿಂದ.

ಕನ್ನಡದಲ್ಲಿ ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೊಂದಿದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಎಲ್ಲೆಡೆ ಒಂದೇ ಸಂಕೇತ ಕೊಡುವ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಆದರೆ ಕಂಪ್ಯೂಟರುಗಳು ಅದನ್ನು ಸರಿಯಾಗಿ ತೋರಿಸಲು ಹಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ ಎಷ್ಟೋ ಕನ್ನಡ ತಾಣಗಳು ತಮ್ಮದೇ ಫಾಂಟುಗಳನ್ನು ನೆಚ್ಚಿಕೊಂಡವು. ಪರದೆಯ ಮೇಲೆ ಅಕ್ಷರ ಮುದ್ದಾಗಿ ಕಾಣುತ್ತಿತ್ತು, ಕಡತದ ಒಳಗೆ ಇದ್ದದ್ದು ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹುಡುಕಿದರೆ ಸಿಗದು, ನಕಲು ಮಾಡಿ ಅಂಟಿಸಿದರೆ ಅರ್ಥವಾಗದು, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಕನ್ನಡವಲ್ಲ. ಹಳೆಯ ಫಾಂಟಿನಲ್ಲಿ ಟೈಪಿಸಿ ಪಿಡಿಎಫ್ ಮಾಡಿದ ಸುತ್ತೋಲೆಗಳಿಗೆ ಇವತ್ತಿಗೂ ಇದೇ ಗತಿ. ಅತ್ತ 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಯೂನಿಕೋಡನ್ನೇ ಹಿಡಿಯಿತು. ಆಗಿನ ಎಷ್ಟೋ ಯಂತ್ರಗಳಲ್ಲಿ ಒತ್ತಕ್ಷರಗಳು ಕಿತ್ತುಹೋಗಿ ವಿಕಾರವಾಗಿ ಕಾಣುತ್ತಿದ್ದುದು ನಿಜ. ಯಂತ್ರಗಳು ಸುಧಾರಿಸಿದ ಮೇಲೆ ಅದೇ ಬರಹ, ಒಂದಕ್ಷರ ತಿದ್ದದೆಯೂ, ಚೆನ್ನಾಗಿ ಕಾಣತೊಡಗಿತು. ಅಂದವನ್ನು ಆಮೇಲೂ ಸೇರಿಸಬಹುದು. ‘ವಚನ ಸಂಚಯ’ ಎಂಬ ವಚನಗಳ ತಾಣದಲ್ಲಿ ಒಂದು ಪದ ಕೊಟ್ಟರೆ ಅದು ಬಂದಿರುವ ವಚನಗಳೆಲ್ಲ ಸಾಲಾಗಿ ಎದುರಿಗೆ ಬರುವುದು ಪಠ್ಯದ ಬುಡ ಗಟ್ಟಿಯಾಗಿರುವುದರಿಂದಲೇ ಹೊರತು ಪುಟದ ಬಣ್ಣದಿಂದಲ್ಲ.

ಜನ ನಂಬುವುದು ನೋಟವನ್ನೇ ಅಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2002ರಲ್ಲಿ ಸ್ಟ್ಯಾನ್‌ಫರ್ಡ್‌ನ ಬಿ.ಜೆ. ಫಾಗ್ ಮತ್ತು ಸಂಗಡಿಗರು 2,600ಕ್ಕೂ ಹೆಚ್ಚು ಜನರಿಂದ ತಾಣಗಳ ವಿಶ್ವಾಸಾರ್ಹತೆಯನ್ನು ಅಳೆಯಿಸಿದಾಗ, ಬಂದ ಟಿಪ್ಪಣಿಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ವಿನ್ಯಾಸದ ಮಾತನ್ನೇ ಎತ್ತಿದ್ದವು. ಆದರೆ ಆ ಟಿಪ್ಪಣಿ ಬರೆದವರು ಪರೀಕ್ಷಕರಾಗಿ ತಾಣವನ್ನು ನೋಡಿ ಹೋದವರು, ತಮ್ಮ ಅಗತ್ಯಕ್ಕೆ ಹತ್ತು ಸಲ ಮರಳಿ ಬಂದವರಲ್ಲ. ಅಲ್ಲದೆ ಒಳ್ಳೆಯ ನೋಟವನ್ನು ಮೋಸಗಾರನೂ ಕೊಳ್ಳಬಲ್ಲ. ಯಾರು, ಯಾವಾಗ, ಏನನ್ನು ತಿದ್ದಿದರೆಂದು ತೋರಿಸುವ ವಿಕಿಪೀಡಿಯದ ‘ಇತಿಹಾಸ’ ಪುಟದಂಥದ್ದನ್ನು ತೆರೆದಿಡುವ ಗೋಜಿಗೆ ಅವನು ಹೋಗುವುದಿಲ್ಲ.

ಇನ್ನು ಅಕ್ಷರದ ಗಾತ್ರ, ಸಾಲುಗಳ ನಡುವಿನ ತೆರಪು ಇವನ್ನೂ ಅಂದದ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ನನ್ನ ಮಟ್ಟಿಗೆ ಅವು ಕೆಲಸದ ಲೆಕ್ಕ: ಒತ್ತಿಗೆ ಜಾಗವಿಲ್ಲದ ಕಡೆ ಕನ್ನಡ ಓದಲಾಗುವುದಿಲ್ಲ. ಈ ಎಲ್ಲ ಕಾರಣಕ್ಕೆ, ಕನ್ನಡ ತಾಣ ಕಟ್ಟಿಸುವ ಸಂಸ್ಥೆಗಳು ಮುಖಪುಟದ ಓಡುವ ಚಿತ್ರಗಳನ್ನು ಮೆಚ್ಚಿ ಸಹಿ ಹಾಕುವ ಮೊದಲು, ಒಳಪುಟದ ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿ, ಕನ್ನಡವಾಗಿಯೇ ಉಳಿಯಿತೇ ಎಂದು ನೋಡಲಿ.